ಬೀದಿ ತಿಂಡಿಯ ರುಚಿಯನ್ನು ಮನೆಯ ಒಲೆಗೆ ತರುವ ಕ್ರಮ

ಬೀದಿಬದಿಯ ಗಾಡಿಯ ಮುಂದೆ ನಿಂತು ತಿಂದ ಅಥವಾ ಹೋಟೆಲಿನಿಂದ ಕಟ್ಟಿಸಿಕೊಂಡು ತಂದ ತಿನಿಸೊಂದು ಬಹಳ ಹಿಡಿಸಿ, ಅದನ್ನು ಮನೆಯಲ್ಲಿಯೇ ಮಾಡಬೇಕೆಂದು ಹೊರಡುವವರು ಮೊದಲು ವಿಚಾರಿಸುವುದು ಮಸಾಲೆಯ ಗುಟ್ಟನ್ನು. ಯಾವ ಸಾಸು, ಯಾವ ಪುಡಿ, ಎಷ್ಟು ಚಮಚ ಎಂದು ಕೇಳಿ ತಿಳಿದು, ಬೇಕಾದ ಸೀಸೆ ಡಬ್ಬಿಗಳನ್ನೆಲ್ಲ ಕೂಡಿಹಾಕಿಕೊಂಡ ಮೇಲೂ ಮನೆಯ ಫ್ರೈಡ್ ರೈಸ್ ಮುದ್ದೆಯಾದರೆ, ಆಲೂಗಡ್ಡೆಯ ಫ್ರೈಸ್ ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾದರೆ, ಪಿಜ್ಜಾದ ನಡುಭಾಗ ಹಸಿಯಾಗಿಯೇ ಉಳಿದರೆ ಬೇಸರವಾಗುವುದು ಸಹಜ. ನಾನೂ ಹಲವು ವರ್ಷ ಇದೇ ದಾರಿಯಲ್ಲಿ ನಡೆದವಳು. ಸಾಸುಗಳ ಅಳತೆಯನ್ನು ಎಷ್ಟು ತಿದ್ದಿದರೂ ಹದ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಕೊನೆಗೆ ತಿಳಿದದ್ದೇನೆಂದರೆ, ಅಂಗಡಿಯ ಅಡುಗೆಗೂ ಮನೆಯ ಅಡುಗೆಗೂ ನಡುವಿನ ಅಂತರಕ್ಕೆ ಬಹುಪಾಲು ಕಾರಣ ನೀರು. ಪದಾರ್ಥದ ಮೈಮೇಲಿನ ನೀರು ಎಷ್ಟು ಬೇಗ ಹೊರಟುಹೋಗುತ್ತದೆ, ಒಳಗಿನ ನೀರು ಎಷ್ಟು ಉಳಿಯುತ್ತದೆ ಎಂಬುದು ಹಿಡಿತಕ್ಕೆ ಬಂದರೆ ಅಂಗಡಿಯ ಹದ ಮನೆಯ ಒಲೆಗೂ ಬಹಳ ಹತ್ತಿರವಾಗುತ್ತದೆ.

ಇದರ ಹಿಂದಿನ ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಮುಂದಿನ ಪ್ರತಿಯೊಂದು ಹಂತದ ಕಾರಣವೂ ತಿಳಿಯುತ್ತದೆ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗುತ್ತದೆ. ಪದಾರ್ಥದ ಮೈ ಒದ್ದೆಯಾಗಿರುವಷ್ಟು ಹೊತ್ತು, ಬಾಣಲೆ ಎಷ್ಟೇ ಕಾದಿರಲಿ, ಆ ಮೈಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲಿಯೇ ನಿಂತುಬಿಡುತ್ತದೆ. ಹುರಿದ ತಿನಿಸಿಗೆ ಹೊಂಬಣ್ಣವನ್ನೂ ಬಾಯಲ್ಲಿ ನೀರೂರಿಸುವ ಕಂಪನ್ನೂ ಕೊಡುವುದು ಸಕ್ಕರೆ ಮತ್ತು ಅಮಿನೊ ಆಮ್ಲಗಳ ನಡುವೆ ನಡೆಯುವ ಕ್ರಿಯೆ. 1912ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಕಮಿಲ್ ಮಯಾರ್ ವಿವರಿಸಿದ ಈ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿಯನ್ನು ದಾಟಿದ ಮೇಲೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು 4.2 ಜೂಲ್ ಸಾಕಾದರೆ, ಕುದಿಯುತ್ತಿರುವ ಅದೇ ಒಂದು ಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 2,260 ಜೂಲ್ ಬೇಕು. ಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರ್ ಎರಡೂವರೆ ಕಿಲೊವ್ಯಾಟ್‌ನದ್ದೆಂದು ಇಟ್ಟುಕೊಂಡು, ಅದರಲ್ಲಿ ಅರ್ಧದಷ್ಟು ಮಾತ್ರ ಪಾತ್ರೆಗೆ ತಲುಪುತ್ತದೆಂದು ಹಿಡಿದರೆ, ತರಕಾರಿಗೆ ಅಂಟಿದ ನೀರೂ ಅದು ಬಿಡುವ ರಸವೂ ಸೇರಿ ಬರುವ 100 ಮಿಲಿಲೀಟರನ್ನು ಓಡಿಸುವುದಕ್ಕೇ ಮೂರು ನಿಮಿಷ ಹಿಡಿಯುತ್ತದೆ. ಆ ಮೂರು ನಿಮಿಷವೂ ತರಕಾರಿ ಹುರಿಯದೆ ತನ್ನ ನೀರಿನಲ್ಲಿ ತಾನೇ ಬೇಯುತ್ತದೆ. ಚೀನೀ ಹೋಟೆಲಿನಲ್ಲಿ ವಾಕ್ ಎಂಬ ಆಳವಾದ ಬಾಣಲೆಯನ್ನಿಡುವ ಒಲೆಯ ಶಕ್ತಿ ಮನೆಯ ಒಲೆಯ ಹತ್ತು ಪಟ್ಟು ಇರಬಲ್ಲದಾದ್ದರಿಂದ ಅಲ್ಲಿ ಅದೇ ನೀರು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಇಲ್ಲವಾಗುತ್ತದೆ. ಅಂಥ ಉರಿ ನಮ್ಮಲ್ಲಿ ಇಲ್ಲ. ಆದ್ದರಿಂದ ನೀರನ್ನು ಒಲೆಗೆ ಬರುವ ಮೊದಲೇ ಕಳೆಯಬೇಕು, ಮತ್ತು ಒಂದು ಸಲಕ್ಕೆ ಹಾಕುವ ಪ್ರಮಾಣವನ್ನು ಕಡಿಮೆ ಮಾಡಬೇಕು.

ಸಲಕರಣೆಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಶಾಖವನ್ನು ಹಿಡಿದಿಟ್ಟುಕೊಳ್ಳುವ ದಪ್ಪ ತಳದ ಕಬ್ಬಿಣದ ಬಾಣಲೆ ಅಥವಾ ಕಾವಲಿ, ಎಣ್ಣೆಯ ಬಿಸಿ ಅಳೆಯುವ ಅಡುಗೆ ಥರ್ಮಾಮೀಟರ್, ಕರಿದದ್ದನ್ನು ಇಡಲು ಕಾಲುಳ್ಳ ತಂತಿ ಜಾಲರಿ, ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇದ್ದರೆ ಸಾಕು. ನಾನ್‌ಸ್ಟಿಕ್ ಪಾತ್ರೆಯನ್ನು ಹೊಗೆ ಬರುವಷ್ಟು ಕಾಯಿಸುವುದು ಅಪಾಯಕರ. ಅದರ ಲೇಪ ಹಾಳಾಗಿ ಕೆಟ್ಟ ಹೊಗೆ ಏಳುವುದರಿಂದ ಇಲ್ಲಿನ ಕೆಲಸಗಳಿಗೆ ಅದನ್ನು ಬಳಸಬಾರದು.

ಅನ್ನವನ್ನು ಹುರಿಯುವುದು

ಫ್ರೈಡ್ ರೈಸಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮನೆಯಲ್ಲಿ ಅತಿ ಹೆಚ್ಚು ಕೆಡುವುದೂ ಅದೇ, ಸ್ವಲ್ಪ ಎಚ್ಚರದಿಂದ ಅತಿ ಬೇಗ ಸುಧಾರಿಸುವುದೂ ಅದೇ. ಇಬ್ಬರಿಗೆ 150 ಗ್ರಾಂ ಅಕ್ಕಿ ಸಾಕಾಗುತ್ತದೆ. ಅಕ್ಕಿಯನ್ನು ಮೂರು ನಾಲ್ಕು ಸಲ ನೀರು ಬದಲಿಸಿ ತೊಳೆದು ಮೇಲಿನ ಗಂಜಿಯಂಶವನ್ನು ಕಳೆದು, ಎಂದಿಗಿಂತ ತುಸು ಕಡಿಮೆ ನೀರಿನಲ್ಲಿ, ಅಗುಳು ಬೆಂದರೂ ನಡುವೆ ಸ್ವಲ್ಪ ಗಟ್ಟಿ ಇರುವಂತೆ ಅನ್ನ ಮಾಡಿಕೊಳ್ಳಬೇಕು. ಬೆಂದ ಕೂಡಲೇ ಅದನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಫ್ಯಾನಿನ ಗಾಳಿಗೆ ಇಟ್ಟರೆ ಬಿಸಿ ಅನ್ನದ ಮೈಯಿಂದ ಆವಿ ತಾನಾಗಿ ಎದ್ದುಹೋಗುತ್ತದೆ. ಅನ್ನವನ್ನು ಪಾತ್ರೆಯಲ್ಲಿಯೇ ಮುಚ್ಚಿಟ್ಟರೆ ಅದೇ ಆವಿ ನೀರಾಗಿ ಮತ್ತೆ ಅನ್ನಕ್ಕೇ ಇಳಿಯುತ್ತದೆ. ಅರ್ಧ ಗಂಟೆ ಹೀಗೆ ಆರಿದ ಅನ್ನವನ್ನು ಅಂದೇ ಹುರಿಯಬಹುದು. ಫ್ರಿಜ್‌ನಲ್ಲಿ ಒಂದು ರಾತ್ರಿ ಇಟ್ಟರೆ ಅಗುಳಿನ ಪಿಷ್ಟ ಬಿಗಿದುಕೊಂಡು ಇನ್ನೂ ಚೆನ್ನಾಗಿ ಬಿಡಿಬಿಡಿಯಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಕಡೆಗಣಿಸುವಂತಿಲ್ಲ. ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೇಯುವ ಬಿಸಿಯನ್ನೂ ತಾಳಿಕೊಂಡು ಉಳಿಯುತ್ತವೆ, ಮತ್ತು ಅನ್ನ ಅಡುಗೆಮನೆಯ ಸಾಧಾರಣ ಬಿಸಿಯಲ್ಲಿ ಗಂಟೆಗಟ್ಟಲೆ ಕುಳಿತರೆ ಅವು ಮೊಳೆತು ಬೆಳೆದು ವಿಷವನ್ನು ಉಂಟುಮಾಡುತ್ತವೆ. ವಾಂತಿಗೆ ಕಾರಣವಾಗುವ ಆ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ. ಆದ್ದರಿಂದ ಅನ್ನವನ್ನು ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮರುದಿನವೇ ಬಳಸಿಬಿಡಬೇಕು. ರಾತ್ರಿಯೆಲ್ಲ ಒಲೆಯ ಪಕ್ಕದಲ್ಲಿಯೇ ಉಳಿದ ಅನ್ನ ಫ್ರೈಡ್ ರೈಸಿಗೆ ಯೋಗ್ಯವೆಂಬ ನಂಬಿಕೆಯನ್ನು ಬಿಡುವುದು ಒಳ್ಳೆಯದು.

ಹುರಿಯುವಾಗ ಒಂದು ಸಲಕ್ಕೆ ಇಬ್ಬರ ಪಾಲಿಗಿಂತ ಹೆಚ್ಚು ಹಾಕಬಾರದು. ಮನೆಯಲ್ಲಿ ನಾಲ್ವರಿದ್ದರೆ ಎರಡು ಸಲ ಹುರಿಯುವುದೇ ಸರಿ. ಒಲೆ ಹಚ್ಚುವ ಮೊದಲೇ ಎಲ್ಲವೂ ಕೈಗೆಟುಕುವಂತೆ ಹೆಚ್ಚಿ, ಅಳೆದು, ಬಟ್ಟಲುಗಳಲ್ಲಿ ಇಟ್ಟಿರಬೇಕು. ಬಾಣಲೆಯಲ್ಲಿ ಸಣ್ಣಗೆ ಹೊಗೆಯಾಡಿದ ಮೇಲೆ ಎಣ್ಣೆ ಬಿಟ್ಟು, ಒಡೆದು ಕಲಕಿದ ಮೊಟ್ಟೆಯನ್ನು ಸುರಿದು, ಅದು ಉಬ್ಬಿ ಅರೆಬೆಂದ ಕೂಡಲೇ ಬೇರೆ ತಟ್ಟೆಗೆ ತೆಗೆಯಬೇಕು. ಮತ್ತೆ ಎಣ್ಣೆ ಬಿಟ್ಟು ಬಾಣಲೆ ಕಾದ ಮೇಲೆ ಕ್ಯಾರೆಟ್, ಬೀನ್ಸ್‌ನಂಥ ಗಟ್ಟಿ ತರಕಾರಿಯನ್ನು ಸಣ್ಣಗೆ ಹೆಚ್ಚಿ ಒಂದು ನಿಮಿಷ ಹುರಿದು, ಅದನ್ನೂ ತೆಗೆದಿಡಬೇಕು. ಹೀಗೆ ಒಂದೊಂದನ್ನೂ ಬೇರೆಬೇರೆಯಾಗಿ ಹುರಿದು ಕೊನೆಯಲ್ಲಿ ಸೇರಿಸುವುದು ಕಾಲಹರಣವೆಂದು ತೋರಬಹುದು, ಆದರೆ ಕಡಿಮೆ ಉರಿಯ ಒಲೆಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮೂರನೆಯ ಸಲಕ್ಕೆ ಅನ್ನದ ಸರದಿ. ಒದ್ದೆ ಕೈಯಿಂದ ಗಂಟುಗಳನ್ನು ಮೊದಲೇ ಬಿಡಿಸಿಕೊಂಡ ಅನ್ನವನ್ನು ಬಾಣಲೆಗೆ ಸುರಿದು ಹರಡಿ, ಅರ್ಧ ನಿಮಿಷ ಕೈಯಾಡಿಸದೆ ಸುಮ್ಮನೆ ಬಿಡಬೇಕು. ನಂತರ ಅಡಿಯಿಂದ ಮೇಲಕ್ಕೆ ಮೊಗುಚಿ, ಮತ್ತೆ ಅರ್ಧ ನಿಮಿಷ ಬಿಡಬೇಕು. ಇಲ್ಲಿ ಕಿವಿಯನ್ನು ನಂಬುವುದು ಲೇಸು. ಮೊದಲು ಕೇಳಿಸುವುದು ಒದ್ದೆ ಬಟ್ಟೆಯನ್ನು ಬಿಸಿಗೆ ಒತ್ತಿದಂಥ ಸುಸ್ಸೆನ್ನುವ ಸದ್ದು. ಎರಡು ಮೂರು ನಿಮಿಷ ಕಳೆಯುತ್ತಿದ್ದಂತೆ ಆ ಸದ್ದು ತಗ್ಗಿ, ಬಿಡಿ ಅಗುಳುಗಳು ಬಾಣಲೆಯ ಅಂಚಿನಲ್ಲಿ ಚಟಪಟ ಎನ್ನುತ್ತ ಪುಟಿಯತೊಡಗುತ್ತವೆ. ಮೈಯ ನೀರು ಹೋಯಿತೆಂಬುದಕ್ಕೆ ಅದೇ ಗುರುತು, ಮತ್ತು ಸಾಸು ಹಾಕಬೇಕಾದ ಹೊತ್ತೂ ಅದೇ.

ಇಬ್ಬರ ಅನ್ನಕ್ಕೆ ಒಂದು ದೊಡ್ಡ ಚಮಚ ಸೋಯಾ ಸಾಸ್ ಸಾಕು, ಮತ್ತು ಅದನ್ನು ಅನ್ನದ ಮೇಲೆ ಸುರಿಯದೆ, ಬಾಣಲೆಯ ಬರಿದಾದ ಬಿಸಿ ಅಂಚಿನ ಸುತ್ತ ದಾರದಂತೆ ಇಳಿಬಿಡಬೇಕು. ಅಲ್ಲಿ ಸಾಸಿನ ನೀರು ತಕ್ಷಣ ಆವಿಯಾಗಿ, ಉಳಿದ ಸಾರ ತುಸು ಕಂದಿ, ಹೋಟೆಲಿನ ಬಾಗಿಲಲ್ಲೇ ಮೂಗಿಗೆ ತಾಗುವ ಆ ವಾಸನೆ ಏಳುತ್ತದೆ. ಅದಕ್ಕಿಂತ ಹೆಚ್ಚು ಬಣ್ಣ ಬೇಕೆಂದು ಸಾಸನ್ನು ಇಮ್ಮಡಿ ಮಾಡಿದರೆ ಅಷ್ಟು ಹೊತ್ತು ಓಡಿಸಿದ ನೀರನ್ನು ಮತ್ತೆ ಕರೆತಂದಂತಾಗುತ್ತದೆ. ಉಪ್ಪು ಸಾಲದಿದ್ದರೆ ಪುಡಿ ಉಪ್ಪನ್ನೇ ಉದುರಿಸಬೇಕು. ಕೊನೆಗೆ ತರಕಾರಿ, ಮೊಟ್ಟೆ, ಬಿಳಿ ಮೆಣಸಿನ ಪುಡಿ ಸೇರಿಸಿ, ಉರಿ ಆರಿಸಿದ ಮೇಲೆ ಹೆಚ್ಚಿದ ಈರುಳ್ಳಿ ಸೊಪ್ಪನ್ನು ಹಾಕಿದರೆ ಕೆಲಸ ಮುಗಿಯಿತು. ಕ್ಯಾಂಟನೀಸ್ ಅಡುಗೆಯವರು ವಾಕ್ ಹೇ, ಅಂದರೆ ಬಾಣಲೆಯ ಉಸಿರು, ಎಂದು ಕರೆಯುವ ಹೊಗೆಗಂಪು, ಮೇಲಕ್ಕೆ ಚಿಮ್ಮಿದ ಎಣ್ಣೆಯ ಹನಿಗಳು ದೊಡ್ಡ ಉರಿಗೆ ತಾಗಿ ಹೊತ್ತಿಕೊಳ್ಳುವುದರಿಂದಲೂ ಬರುತ್ತದೆ. ಮನೆಯೊಳಗೆ ಅದನ್ನು ಪ್ರಯತ್ನಿಸಬಾರದು. ಅಂಚಿನಲ್ಲಿ ಕಂದಿದ ಸೋಯಾ ಸಾಸು ಆ ಕಂಪಿನ ಸಾಕಷ್ಟು ಭಾಗವನ್ನು ಕೊಡುತ್ತದೆ.

ನೂಡಲ್ಸಿಗೂ ಇದೇ ಕ್ರಮ. ಅದನ್ನು ಮುಕ್ಕಾಲು ಬೇಯಿಸಿ, ತಣ್ಣೀರಿನಲ್ಲಿ ತೊಳೆದು, ನೀರು ಪೂರ್ತಿ ಬಸಿದು, ಒಂದು ಚಮಚ ಎಣ್ಣೆ ಸವರಿ ತಟ್ಟೆಯಲ್ಲಿ ಹರಡಿ ಆರಲು ಬಿಡಬೇಕು. ಅಂಗಡಿಯ ಹಳದಿ ನೂಡಲ್ಸಿಗೆ ಎಳೆದರೂ ತುಂಡಾಗದ ಬಿಗಿ ಬರುವುದು ಹಿಟ್ಟಿಗೆ ಸೇರಿಸುವ ಕ್ಷಾರದಿಂದ. ಅದು ಸಿಗದಿದ್ದಾಗ, ಸಾಮಾನ್ಯ ನೂಡಲ್ಸ್ ಬೇಯುವ ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ ಅಡುಗೆ ಸೋಡಾ ಹಾಕಿದರೆ ಅದರ ಹತ್ತಿರದ ಹದ ಬರುತ್ತದೆ.

ಗರಿಗರಿಯಾಗಿ ಕರಿಯುವುದು

ಕರಿಯುವುದೆಂದರೆ ಎಣ್ಣೆಯ ನೆರವಿನಿಂದ ನೀರನ್ನು ಹೊರಗಟ್ಟುವುದು. ಎಣ್ಣೆಗೆ ಬಿಟ್ಟ ತುಂಡಿನ ಸುತ್ತ ಏಳುವ ಗುಳ್ಳೆಗಳೆಲ್ಲ ಆ ತುಂಡಿನಿಂದ ಹೊರಬರುತ್ತಿರುವ ಆವಿ. ಗುಳ್ಳೆ ಜೋರಾಗಿ ಏಳುತ್ತಿರುವಷ್ಟು ಹೊತ್ತು ಆವಿಯ ಒತ್ತಡವೇ ಎಣ್ಣೆಯನ್ನು ಹೊರಗೆ ತಡೆದಿಡುತ್ತದೆ. ಎಣ್ಣೆ ಸಾಕಷ್ಟು ಕಾಯದಿದ್ದರೆ, ಅಥವಾ ಬಾಣಲೆಯನ್ನು ಒಂದೇ ಸಲ ತುಂಬಿಬಿಟ್ಟು ಅದರ ಬಿಸಿ ಇಳಿದುಹೋದರೆ, ಹೊರಮೈ ಗಟ್ಟಿಯಾಗುವುದು ತಡವಾಗಿ ತಿನಿಸು ಜಿಡ್ಡಾಗುತ್ತದೆ. ಬಾಣಲೆಗೆ ಎಣ್ಣೆಯನ್ನು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು. ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ, ಲೋಹದ ಮುಚ್ಚಳವನ್ನು ಮುಚ್ಚಬೇಕೇ ಹೊರತು ಒಂದು ಹನಿ ನೀರನ್ನೂ ಹಾಕಬಾರದು. ನೀರು ತಳಕ್ಕಿಳಿದು ಒಮ್ಮೆಲೇ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ.

ಆಲೂಗಡ್ಡೆಯ ಫ್ರೈಸನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೇಯಿಸಿದರೆ ಹಿಟ್ಟುಹಿಟ್ಟಾಗುವ ಜಾತಿಯ ಆಲೂಗಡ್ಡೆ ಇದಕ್ಕೆ ಸೂಕ್ತ. ಫ್ರಿಜ್‌ನಲ್ಲಿ ಬಹಳ ದಿನ ಇಟ್ಟದ್ದು ಬೇಡ, ಏಕೆಂದರೆ ತಣ್ಣನೆಯ ಜಾಗದಲ್ಲಿ ಅದರ ಪಿಷ್ಟ ಸಕ್ಕರೆಯಾಗಿ ಬದಲಾಗುವುದರಿಂದ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಒಂದು ಸೆಂಟಿಮೀಟರ್ ದಪ್ಪದ ಕಡ್ಡಿಗಳಾಗಿ ಹೆಚ್ಚಿ, ನೀರು ತಿಳಿಯಾಗುವವರೆಗೆ ತೊಳೆದು, ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಮತ್ತು ಅಷ್ಟೇ ಉಪ್ಪು ಹಾಕಿ ಸುಮಾರು ಎಂಟು ಹತ್ತು ನಿಮಿಷ ಬೇಯಿಸಬೇಕು. ವಿನೆಗರಿನ ಹುಳಿಯಲ್ಲಿ ಆಲೂಗಡ್ಡೆಯ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಬೇಗ ಕರಗುವುದಿಲ್ಲವಾದ್ದರಿಂದ ಕಡ್ಡಿ ಬೆಂದರೂ ಮುರಿಯುವುದಿಲ್ಲ. ಬಸಿದ ಕಡ್ಡಿಗಳನ್ನು ಬಟ್ಟೆಯ ಮೇಲೆ ಹರಡಿ ಆವಿ ನಿಲ್ಲುವವರೆಗೆ ಆರಿಸಿ, 160 ಡಿಗ್ರಿಯ ಎಣ್ಣೆಯಲ್ಲಿ ಬಣ್ಣ ಬರುವ ಮೊದಲೇ, ಅಂದರೆ ಎರಡು ಮೂರು ನಿಮಿಷದಲ್ಲಿ, ಮೇಲೆತ್ತಬೇಕು. ಅರ್ಧ ಗಂಟೆಯಾದರೂ ತಣಿಯಲು ಬಿಟ್ಟ ನಂತರ 185ರಿಂದ 190 ಡಿಗ್ರಿಯಲ್ಲಿ ಹೊಂಬಣ್ಣಕ್ಕೆ ಕರಿಯಬೇಕು. ಮೊದಲ ಕರಿಯುವಿಕೆಯಲ್ಲಿ ಹೊರಪದರದ ಪಿಷ್ಟ ಒಂದು ತೆಳು ಪೊರೆಯಾಗಿ ಕೂಡಿಕೊಳ್ಳುತ್ತದೆ, ತಣಿಯುವಾಗ ಒಳಗಿನ ತೇವ ಮತ್ತೆ ಮೈಗೆ ಬರುತ್ತದೆ, ಎರಡನೆಯ ಸಲ ಆ ತೇವವೂ ಹೋಗಿ ಪೊರೆ ಗಟ್ಟಿಯಾಗುತ್ತದೆ. ಮೊದಲ ಸಲ ಕರಿದ ಕಡ್ಡಿಗಳನ್ನು ಫ್ರೀಜರಿನಲ್ಲಿ ಇಟ್ಟು, ಬೇಕಾದ ದಿನ ಹಾಗೆಯೇ ಎರಡನೆಯ ಸಲ ಕರಿದರೆ ಇನ್ನೂ ಚೆನ್ನಾಗಿ ಬರುತ್ತದೆಂಬುದು ನನ್ನ ಅನುಭವ. ಹೆಪ್ಪುಗಟ್ಟುವಾಗ ಏಳುವ ಮಂಜಿನ ಹರಳುಗಳು ಒಳಭಾಗವನ್ನು ಸಡಿಲಗೊಳಿಸಿ ಹತ್ತಿಯಂತೆ ಹಗುರವಾಗಿಸುತ್ತವೆ. ಆದರೆ ಮಂಜು ಅಂಟಿದ ಕಡ್ಡಿಗಳನ್ನು ಒಮ್ಮೆಲೇ ಸುರಿದರೆ ಎಣ್ಣೆ ಉಕ್ಕಿಬರುವುದರಿಂದ, ಮಂಜನ್ನು ಕೊಡವಿ, ಒಂದೊಂದು ಹಿಡಿಯಷ್ಟೇ ಬಿಡಬೇಕು.

ತರಕಾರಿ, ಮೀನು, ಕೋಳಿಯಂಥವಕ್ಕೆ ಬಳಿಯುವ ಹಿಟ್ಟಿನ ಮಾತು ಬೇರೆ. ಮೈದಾದಲ್ಲಿನ ಗ್ಲುಟೆನ್ ಎಂಬ ಪ್ರೋಟೀನು ಕಲಸಿದಷ್ಟೂ ಜಿಗುಟಾಗಿ ಹೊರಪದರವನ್ನು ರಬ್ಬರಿನಂತೆ ಮಾಡುತ್ತದೆ. ಆದ್ದರಿಂದ ಅರ್ಧ ಮೈದಾ, ಉಳಿದರ್ಧ ಕಾರ್ನ್‌ಫ್ಲೋರ್ ಅಥವಾ ಅಕ್ಕಿಹಿಟ್ಟು ಬೆರೆಸಿ, ಮಂಜುಗಡ್ಡೆಯಷ್ಟು ತಣ್ಣನೆಯ ಸೋಡಾ ನೀರನ್ನು ಕರಿಯುವ ಗಳಿಗೆಯಲ್ಲಿ ಮಾತ್ರ ಹಾಕಿ, ಅಲ್ಲಲ್ಲಿ ಗಂಟುಗಳು ಉಳಿದಿರುವಾಗಲೇ ಕೈ ನಿಲ್ಲಿಸಬೇಕು. ಪದಾರ್ಥದ ಮೈಗೆ ಮೊದಲು ಒಣ ಕಾರ್ನ್‌ಫ್ಲೋರ್ ಸವರಿ ಕೊಡವಿಕೊಂಡರೆ ಹಿಟ್ಟು ಜಾರಿಹೋಗುವುದಿಲ್ಲ. ಸಾಸಿನಲ್ಲಿ ಹೊರಳಿಸಬೇಕಾದ ತಿನಿಸನ್ನು ಇದೇ ರೀತಿ ಎರಡು ಸಲ, ಮೊದಲು 160, ಆಮೇಲೆ 190 ಡಿಗ್ರಿಯಲ್ಲಿ ಕರಿಯುವುದು ಅವಶ್ಯ. ಥರ್ಮಾಮೀಟರ್ ಇಲ್ಲದವರು ಮರದ ಕಡ್ಡಿಯ ತುದಿಯನ್ನು ಎಣ್ಣೆಯಲ್ಲಿ ಅದ್ದಿ ನೋಡಬಹುದು: ಅದರ ಸುತ್ತ ಸಣ್ಣ ಗುಳ್ಳೆಗಳು ಬಿಡುವಿಲ್ಲದೆ ಎದ್ದರೆ ಕರಿಯುವ ಬಿಸಿ ಬಂದಿದೆ.

ಕರಿದದ್ದನ್ನು ಕಾಗದದ ಮೇಲೆ ರಾಶಿ ಹಾಕುವ ಅಭ್ಯಾಸವೇ ಅರ್ಧ ಶ್ರಮವನ್ನು ಹಾಳುಮಾಡುತ್ತದೆ. ಕಾಗದಕ್ಕೆ ತಾಗಿದ ಕಡೆಯಲ್ಲಿ ಆವಿ ಸಿಕ್ಕಿಕೊಂಡು, ನೀರಾಗಿ, ಗರಿಗರಿಯಾದ ಪದರಕ್ಕೆ ಮರಳಿ ಇಳಿಯುತ್ತದೆ. ಒಂದು ಕ್ಷಣ ಕಾಗದಕ್ಕೆ ತಾಗಿಸಿ ಎಣ್ಣೆ ಹೀರಿಸಿ, ತಕ್ಷಣ ಜಾಲರಿಯ ಮೇಲೆ ಒಂದೇ ಪದರದಲ್ಲಿ ಇಡಬೇಕು. ಉಪ್ಪನ್ನು ಆಗಲೇ, ಮೈಯಲ್ಲಿ ಇನ್ನೂ ಎಣ್ಣೆಯ ಹೊಳಪಿರುವಾಗ ಉದುರಿಸಬೇಕು. ಮನೆಯ ಅಡುಗೆಗೆ ಇರುವ ದೊಡ್ಡ ಅನುಕೂಲವೂ ಇಲ್ಲಿಯೇ ಇದೆ. ಕಟ್ಟಿಸಿಕೊಂಡು ತಂದ ತಿನಿಸು ಮುಚ್ಚಿದ ಡಬ್ಬಿಯಲ್ಲಿ ದಾರಿಯುದ್ದಕ್ಕೂ ತನ್ನ ಆವಿಯಲ್ಲಿಯೇ ಬೆವರುತ್ತ ಬರುತ್ತದೆ. ಮನೆಯಲ್ಲಿ ಅದು ಎಣ್ಣೆಯಿಂದ ತಟ್ಟೆಗೆ ಬರಲು ಒಂದು ನಿಮಿಷವೂ ಬೇಡ.

ಮಾಂಸವನ್ನು ಮೃದುವಾಗಿ ಇಡುವುದು

ಇಲ್ಲಿಯವರೆಗೆ ನೀರನ್ನು ಹೊರಹಾಕುವ ಮಾತಾಯಿತು. ಮಾಂಸದ ವಿಷಯದಲ್ಲಿ ಅದನ್ನು ಒಳಗೇ ಉಳಿಸಿಕೊಳ್ಳಬೇಕಾಗುತ್ತದೆ. ಹೋಟೆಲಿನ ತೆಳು ಮಾಂಸದ ಹೋಳುಗಳು ಅಷ್ಟೊಂದು ಮೆದುವಾಗಿರುವುದಕ್ಕೆ ಹೆಚ್ಚಾಗಿ ಅಡುಗೆ ಸೋಡಾವೇ ಕಾರಣ. ನಾರಿಗೆ ಅಡ್ಡಲಾಗಿ ತೆಳ್ಳಗೆ ಹೆಚ್ಚಿದ 300 ಗ್ರಾಂ ಮಾಂಸಕ್ಕೆ ಅರ್ಧ ಸಣ್ಣ ಚಮಚ ಸೋಡಾವನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ ಸವರಿ, 15ರಿಂದ 20 ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು, ಒತ್ತಿ ಒರೆಸಿಕೊಳ್ಳಬೇಕು. ಕ್ಷಾರದ ಪ್ರಭಾವದಿಂದ ಪ್ರೋಟೀನಿನ ಎಳೆಗಳು ಬಿಸಿಗೆ ಬಿಗಿಯಾಗಿ ಹೆಣೆದುಕೊಳ್ಳುವುದು ಕಡಿಮೆಯಾಗಿ ರಸ ಒಳಗೇ ಉಳಿಯುತ್ತದೆ. ಹೆಚ್ಚು ಹಾಕಿದರೆ ಅಥವಾ ತೊಳೆಯದೆ ಬಿಟ್ಟರೆ ಸೋಪಿನ ರುಚಿ ಬರುತ್ತದೆ. ಆ ಮೇಲೆ ಒಂದು ಮೊಟ್ಟೆಯ ಬಿಳಿ, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು ಬೆರೆಸಿ ಸವರಿದರೆ ಮೇಲೊಂದು ನುಣುಪಾದ ಕವಚ ಬರುತ್ತದೆ. ಕರಿಯುವ ಕೋಳಿಯ ದೊಡ್ಡ ತುಂಡುಗಳಿಗೆ ಈ ಕ್ರಮ ಬೇಡ. ತೂಕದ ನೂರಕ್ಕೆ ಒಂದೂವರೆ ಪಾಲು ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ಒಂದು ರಾತ್ರಿ ನೆನೆಸಿದರೆ ಉಪ್ಪು ಒಳಗಿಳಿದು ರಸವನ್ನು ಹಿಡಿದಿಡುತ್ತದೆ. ಕೋಳಿಯ ಅತ್ಯಂತ ದಪ್ಪನೆಯ ಭಾಗದ ಒಳಬಿಸಿ 74 ಡಿಗ್ರಿ ಮುಟ್ಟಿತೇ ಎಂದು ನೋಡದೆ ಬಡಿಸಬಾರದು.

ನಿಲುಗೋಲಿಗೆ ಪೋಣಿಸಿ, ತಿರುಗಿಸುತ್ತ ಸುಟ್ಟು, ಹೊರಗಿನಿಂದ ಹೆರೆದು ರೊಟ್ಟಿಯಲ್ಲಿ ಸುತ್ತಿಕೊಡುವ ಮಾಂಸವನ್ನು ಮನೆಯಲ್ಲಿ ಮಾಡಲಾಗದೆಂದು ಹಲವರು ಕೈಬಿಡುತ್ತಾರೆ. ಅದಕ್ಕೊಂದು ಸುಲಭದ ದಾರಿಯಿದೆ. ಮಸಾಲೆ ಸವರಿದ ತೆಳು ಹೋಳುಗಳನ್ನು ಬ್ರೆಡ್ ಬೇಯಿಸುವ ಉದ್ದನೆಯ ಟಿನ್ನಿನಲ್ಲಿ ಒಂದರ ಮೇಲೊಂದು ಒತ್ತಿ ತುಂಬಿ, ಓವನ್‌ನಲ್ಲಿ 170 ಡಿಗ್ರಿಯಲ್ಲಿ ನಡುಭಾಗ ಬೇಯುವವರೆಗೆ ಇಟ್ಟು, ಬೇಗ ತಣಿಸಿ ಫ್ರಿಜ್‌ನಲ್ಲಿ ಗಟ್ಟಿಯಾಗಿಸಬೇಕು. ಮರುದಿನ ಆ ಗಟ್ಟಿಯನ್ನು ಕತ್ತಿಯಿಂದ ತೆಳ್ಳಗೆ ಹೆರೆದು, ಧಗಧಗ ಕಾದ ಕಬ್ಬಿಣದ ಕಾವಲಿಯ ಮೇಲೆ ಅಂಚು ಕಂದುವವರೆಗೆ ಹುರಿದರೆ, ತಿರುಗುವ ಗೋಲಿನಿಂದ ಹೆರೆದ ಮಾಂಸದಂತೆಯೇ ಒಂದು ಬದಿ ಗರಿ, ಒಂದು ಬದಿ ಮೆದು ಸಿಗುತ್ತದೆ.

ಪಿಜ್ಜಾ

ನೇಪಲ್ಸ್ ಶೈಲಿಯ ಪಿಜ್ಜಾ ಬೇಯುವುದು ಸುಮಾರು 430ರಿಂದ 485 ಡಿಗ್ರಿಯ ಸೌದೆ ಒಲೆಯಲ್ಲಿ, ಅದೂ 60ರಿಂದ 90 ಸೆಕೆಂಡುಗಳಲ್ಲಿ. ಮನೆಯ ಓವನ್ ಹೆಚ್ಚೆಂದರೆ 250 ಡಿಗ್ರಿಯ ಹತ್ತಿರ ನಿಲ್ಲುತ್ತದೆ. ಆ ಕೊರತೆಯನ್ನು ತುಂಬಲು ಆರು ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪದ ಉಕ್ಕಿನ ಹಲಗೆಯನ್ನು ಓವನ್‌ನ ಮೇಲಿನ ಅಂತಸ್ತಿನಲ್ಲಿಟ್ಟು, ಪೂರ್ತಿ ಬಿಸಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕಾಯಿಸಬೇಕು. ಉಕ್ಕು ಕಲ್ಲಿಗಿಂತ ಬಹಳ ಬೇಗ ಶಾಖವನ್ನು ಹಿಟ್ಟಿಗೆ ದಾಟಿಸುತ್ತದೆ. ಓವನ್ ಇಲ್ಲದವರು ದಪ್ಪ ಕಬ್ಬಿಣದ ಕಾವಲಿಯಲ್ಲಿ ಅಡಿಭಾಗವನ್ನು ಬೇಯಿಸಿ, ಗಾಳಿಯಾಡದಂಥ ಮುಚ್ಚಳದಡಿ ಚೀಸ್ ಕರಗಿಸಿಕೊಳ್ಳಬಹುದು, ಆದರೆ ಮೇಲ್ಭಾಗ ಕಂದುವುದಿಲ್ಲ.

ಹಿಟ್ಟಿನ ಅಳತೆ ತೂಕದಲ್ಲಿಯೇ ಇರಲಿ: 500 ಗ್ರಾಂ ಮೈದಾ, 320 ಗ್ರಾಂ ನೀರು, 12 ಗ್ರಾಂ ಉಪ್ಪು, ಒಂದೂವರೆ ಗ್ರಾಂ ಒಣ ಯೀಸ್ಟ್. ನಾದಿದ ಹಿಟ್ಟನ್ನು ಮುಚ್ಚಿ ಫ್ರಿಜ್‌ನಲ್ಲಿ ಎರಡು ದಿನ ಇಟ್ಟರೆ ನಿಧಾನವಾಗಿ ಹುದುಗಿ ಅಂಗಡಿಯ ಪಿಜ್ಜಾದ ಆ ತೆಳುವಾದ ಹುಳಿಗಂಪು ಬರುತ್ತದೆ. ಇದನ್ನು ಯಾವ ಪುಡಿಯೂ ಕೊಡಲಾರದು. ನಡುಭಾಗ ಹಸಿಯಾಗುವುದಕ್ಕೆ ಮಾತ್ರ ಕಾರಣ ಮೇಲೆ ಹಾಕುವ ಪದಾರ್ಥಗಳ ನೀರು. ಟೊಮೆಟೊವನ್ನು ಹಿಸುಕಿ ಜರಡಿಯಲ್ಲಿ ಬಸಿದು, ಬೇಯಿಸದೆ ತೆಳ್ಳಗೆ ಬಳಿಯಬೇಕು. ಹಸಿ ಮೊಝರೆಲ್ಲಾ ಚೀಸನ್ನು ಬಿಡಿಸಿ ಬಟ್ಟೆಯ ಮೇಲೆ ಎರಡು ಗಂಟೆ ಬಸಿಯಬೇಕು, ಇಲ್ಲವೇ ನೀರಿನಂಶ ಕಡಿಮೆಯಿರುವ ಗಟ್ಟಿ ಬಗೆಯನ್ನೇ ತುರಿದು ಹಾಕಬೇಕು. ಅಣಬೆಯನ್ನು ಮೊದಲೇ ಹುರಿದುಕೊಳ್ಳಬೇಕು. ಪದಾರ್ಥಗಳನ್ನು ಒತ್ತೊತ್ತಾಗಿ ಹೇರುವುದು ಔದಾರ್ಯವೆನಿಸಿದರೂ ಪಿಜ್ಜಾಕ್ಕೆ ಅದು ಹಾನಿಯೇ. ಬೇಯಲು ಬೇಕಾದದ್ದು ಐದಾರು ನಿಮಿಷ. ಮೇಲಿನ ಗ್ರಿಲ್ ಇದ್ದರೆ ಕೊನೆಯ ಒಂದು ನಿಮಿಷ ಅದನ್ನು ಹಚ್ಚಬೇಕು.

ಸಾಸು ಮತ್ತು ಕೊನೆಯ ಸ್ಪರ್ಶ

ಮಸಾಲೆಯ ಮಾತನ್ನು ಇಷ್ಟು ಹಿಂದಕ್ಕೆ ಹಾಕಿದ್ದು ಅದು ಮುಖ್ಯವಲ್ಲವೆಂದಲ್ಲ. ಹದ ಸಿಕ್ಕ ಮೇಲೆಯೇ ರುಚಿಯನ್ನು ತಿದ್ದಲು ಸಾಧ್ಯ. ಹುರಿಯುವ ತಿನಿಸುಗಳ ಸಾಸನ್ನು ಬಾಣಲೆಯಲ್ಲಿ ಒಂದೊಂದಾಗಿ ಸುರಿಯದೆ, ಒಂದು ಬಟ್ಟಲಿನಲ್ಲಿ ಮೊದಲೇ ಬೆರೆಸಿ, ಬೆರಳಿನಿಂದ ನೆಕ್ಕಿ ನೋಡಬೇಕು. ಅನ್ನದ ಜೊತೆಗೆ ತಿನ್ನುವುದರಿಂದ ಬಟ್ಟಲಿನಲ್ಲಿ ಅದು ತುಸು ಹೆಚ್ಚೇ ಖಾರ, ಹುಳಿ, ಸಿಹಿ ಎನಿಸಬೇಕು. ಎರಡು ಚಮಚ ಸೋಯಾ ಸಾಸಿಗೆ ಒಂದು ಚಮಚ ವಿನೆಗರ್, ಒಂದು ಚಮಚ ಸಕ್ಕರೆ, ನಾಲ್ಕು ಚಮಚ ನೀರು, ಅರ್ಧ ಸಣ್ಣ ಚಮಚ ಕಾರ್ನ್‌ಫ್ಲೋರ್ ಎಂಬುದು ಆರಂಭಕ್ಕೆ ಒಳ್ಳೆಯ ಅಳತೆ. ಹಾಕುವ ಮೊದಲು ತಳ ಸೇರಿದ ಹಿಟ್ಟನ್ನು ಕಲಕಿ, ಒಂದು ಕುದಿ ಬಂದು ಸಾಸು ಹೊಳೆದ ಕೂಡಲೇ ಇಳಿಸಬೇಕು. ಬಹಳ ಹೊತ್ತು ಕುದಿಸಿದರೆ ಮತ್ತೆ ನೀರಾಗುತ್ತದೆ. ಕರಿದ ತಿನಿಸನ್ನು ಸಾಸಿನಲ್ಲಿ ಹೊರಳಿಸುವುದು ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಬೇಡ.

ಏನೋ ಒಂದು ಕಡಿಮೆಯಿದೆ ಎಂದು ತೋರುವ ಆ ಕೊರತೆ ಬಹಳ ಸಲ ಟೇಸ್ಟಿಂಗ್ ಪೌಡರಿನದು, ಅಂದರೆ ಮೊನೊಸೋಡಿಯಂ ಗ್ಲುಟಮೇಟಿನದು. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಏ ಇಕೆದಾ ಕೊಂಬು ಎಂಬ ಕಡಲಕಳೆಯ ಸಾರಿನಲ್ಲಿ ಈ ರುಚಿಯ ಮೂಲವನ್ನು ಗುರುತಿಸಿ ಅದಕ್ಕೆ ಉಮಾಮಿ ಎಂದು ಹೆಸರಿಟ್ಟರು. ಟೊಮೆಟೊ, ಹಳೆಯ ಚೀಸ್, ಅಣಬೆಗಳಲ್ಲಿಯೂ ಇರುವ ಗ್ಲುಟಮೇಟೇ ಇದರಲ್ಲಿಯೂ ಇದೆ, ಮತ್ತು ಇದರ ಸೋಡಿಯಂ ಅಂಶ ಅಡುಗೆ ಉಪ್ಪಿನಲ್ಲಿರುವುದರ ಸುಮಾರು ಮೂರನೆಯ ಒಂದು ಪಾಲು. ಬಳಸಲು ಇಷ್ಟವಿದ್ದವರು ಇಬ್ಬರ ಪಾಲಿಗೆ ಕಾಲು ಸಣ್ಣ ಚಮಚವನ್ನು ಮೀರದೆ ಹಾಕಿ, ಉಪ್ಪನ್ನು ತುಸು ತಗ್ಗಿಸಿದರೆ ಸಾಕು. ಬೇಡದವರು ಒಣ ಅಣಬೆಯ ಪುಡಿಯನ್ನು ಬಳಸಬಹುದು. ಗಾಡಿಯವರ ಕೈ ಕೊನೆಯ ಗಳಿಗೆಯಲ್ಲಿ ಏನು ಮಾಡುತ್ತದೆ ಎಂಬುದನ್ನು ಗಮನಿಸಿದರೆ ಇನ್ನೊಂದು ಪಾಠವೂ ಸಿಗುತ್ತದೆ: ನಿಂಬೆಯ ಹನಿ, ಹಸಿ ಈರುಳ್ಳಿ, ಹುರಿದ ಎಳ್ಳು ಅಥವಾ ಶೇಂಗಾ, ಹೆಚ್ಚಿದ ಸೊಪ್ಪು ಇವೆಲ್ಲ ಬೀಳುವುದು ತಟ್ಟೆ ಕೈಗೆ ಬರುವ ಕ್ಷಣದಲ್ಲಿಯೇ. ಬೇಯಿಸುವಾಗ ಹಾಕಿದ ನಿಂಬೆಯ ಕಂಪು ಆವಿಯ ಜೊತೆಗೇ ಹೋಗಿಬಿಡುತ್ತದೆ.

ಒಂದು ತಿನಿಸನ್ನು ಹಿಡಿದರೆ ಅದನ್ನೇ ನಾಲ್ಕೈದು ಸಲ ಮಾಡಿ, ಪ್ರತಿ ಸಲವೂ ಒಂದೇ ಒಂದು ಅಂಶವನ್ನು ಬದಲಾಯಿಸಿ, ತೂಕ, ಬಿಸಿ, ನಿಮಿಷಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಂಗಡಿಯವರು ಒಂದೇ ತಿನಿಸನ್ನು ದಿನಕ್ಕೆ ನೂರಾರು ಸಲ ಮಾಡುವುದರಿಂದ ಬಂದ ಕೈಹದವನ್ನು ನಾವು ಹೀಗೆ ಬರೆದಿಟ್ಟೇ ಸಂಪಾದಿಸಬೇಕಾಗುತ್ತದೆ.

ಮಾಡಿದ್ದು ಉಳಿದರೆ ಸಾಸನ್ನೂ ಕರಿದದ್ದನ್ನೂ ಬೇರೆಬೇರೆಯಾಗಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕು. ಮೈಕ್ರೊವೇವ್ ಒಳಗಿನ ನೀರನ್ನೇ ಬಿಸಿಮಾಡಿ ಹೊರಪದರವನ್ನು ಮೆತ್ತಗಾಗಿಸುವುದರಿಂದ ಫ್ರೈಸ್, ಕರಿದ ಕೋಳಿ ಮುಂತಾದವಕ್ಕೆ ಅದು ಸಲ್ಲದು; 200 ಡಿಗ್ರಿಗೆ ಕಾದ ಓವನ್‌ನಲ್ಲಿ, ಜಾಲರಿಯ ಮೇಲೆ ಒಂದೇ ಪದರದಲ್ಲಿ, ಎಂಟು ಹತ್ತು ನಿಮಿಷ ಇಟ್ಟು, ಕೋಳಿಯಾದರೆ ಒಳಗಿನವರೆಗೆ ಬಿಸಿಯಾಗಿದೆಯೇ ಎಂದು ನೋಡಿಕೊಳ್ಳಬೇಕು. ಪಿಜ್ಜಾದ ತುಂಡನ್ನು ಒಣ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮೂರು ನಿಮಿಷ ಇಟ್ಟು ಅಡಿಭಾಗ ಗರಿಯಾದ ಮೇಲೆ, ಕಾವಲಿಯ ಅಂಚಿಗೆ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಿದರೆ, ಆ ಆವಿಯಲ್ಲಿ ಅರ್ಧ ನಿಮಿಷದೊಳಗೆ ಚೀಸ್ ಮತ್ತೆ ಕರಗುತ್ತದೆ.